ಈ ಕೈ ಕೈಕೊಟ್ಟರೆ?

ನಮ್ಮ ಟ್ರ್ಯಾಕ್ಟರ್ ಅಂಗಡಿಗೆ ಈ ಗಿರಾಕಿ ಬರುವುದು ಕಂಡರೆ ನಾನು ಮೊದಲು ಒಂದು ಲೋಟ ನೀರು ಕುಡಿದುಬಿಡುತ್ತೇನೆ, ಆಮೇಲೆ ಬಿಡುವು ಸಿಗುವುದಿಲ್ಲ. ಅವರ ಕಣ್ಣಿರುವುದು ಪುಟ್ಟ ಟ್ರ್ಯಾಕ್ಟರಿನ ಹಿಂದೆ ಜೋಡಿಸುವ, ಮಣ್ಣು ಅಗೆಯುವ ಯಂತ್ರದ ಮೇಲೆ. ನಮ್ಮ ಬಾಯಲ್ಲಿ ಅದು ಬರೀ 'ಕೈ'. ಎತ್ತಿನ ವಯಸ್ಸು ನೋಡುವವರಂತೆ ಅದರ ಹಲ್ಲುಗಳನ್ನು ಸವರುತ್ತಾರೆ, ಬಗ್ಗಿ ಪೈಪು ಮೂಸುತ್ತಾರೆ, ಆಮೇಲೆ ಶುರು: "ಅಗೆಯುವಾಗ ಮುಂದಿನ ಚಕ್ರ ಮೇಲೆದ್ರೆ? ಎಣ್ಣೆ ಸೋರಿದ್ರೆ? ಕೊನೆಗೆ ಈ ಕೈ ಕೈಕೊಟ್ರೆ?" "ನಾನಿದೀನಲ್ಲ ಯಜಮಾನ್ರೇ" ಎಂದರೆ, "ನೀವೂ ಕೈಕೊಟ್ರೆ?" ಎನ್ನುತ್ತಾರೆ. "ನೋಡೋಣ" ಎಂದು ಹೊರಟವರು ಬಾಗಿಲಿನಿಂದ ವಾಪಸು ಬಂದು ಬೋಲ್ಟು ಬಿಗಿಯಾಗಿದೆಯೇ ಎಂದು ಮುಟ್ಟಿ ನೋಡುತ್ತಾರೆ, ಇನ್ನೂ ಕೊಳ್ಳದ ಯಂತ್ರದ ಬೋಲ್ಟು! ನಿನ್ನೆ ಜೊತೆಗೆ ಬಂದಿದ್ದ ಹೆಂಡತಿಗೆ ತಾಳ್ಮೆ ತಪ್ಪಿತು. "ತಗೊಂಡ್ಬಿಡೀಂದ್ರೆ! ಪ್ರತಿ ಸಲ ಕಾಲುವೆ ತೋಡೋಕೆ ನಿಮ್ಮ ತಮ್ಮನ್ನೇ ಕರೀಬೇಕಾ? ಜಮೀನು ಪಾಲಾದ ಮೇಲೆ ಬೇರೆ ಯಾವುದಕ್ಕೂ ಅವರು ನಮ್ಮ ಕಡೆ ತಲೆ ಹಾಕಿಲ್ಲ." ಯಜಮಾನರು ಯಂತ್ರದ ಹಲ್ಲಿನ ಮೇಲಿಟ್ಟ ಬೆರಳು ತೆಗೆಯಲಿಲ್ಲ. "ಅದಕ್ಕೇ ಕಣೇ," ಎಂದರು ಮೆಲ್ಲಗೆ. "ಇದು ಬಂದ್ಮೇಲೆ ಅವನನ್ನ ಯಾವ ನೆಪ ಹೇಳಿ ಕರೀಲಿ?"