ಎಂಟು ತೊಗರಿಕಾಳು

ಖಟಕ ಚಿಂಚೋಳಿಯ ಕಾಂತಾಬಾಯಿಗೆ ಅಕ್ಷರ ಬರುತ್ತಿರಲಿಲ್ಲ. ನೂರರವರೆಗೆ ಎಣಿಸಲು ಬರುತ್ತಿತ್ತು. ಬೀದರದ ಒಂದು ದವಾಖಾನೆಯಲ್ಲಿ ಗಾಜಿನ ಪಟ್ಟಿ ತೊಳೆಯಲು ಸೇರಿದ ಅವಳಿಗೆ ಹಳೆಯ ಡಾಕ್ಟರು ಸೂಕ್ಷ್ಮದರ್ಶಕದಲ್ಲಿ ರಕ್ತ ನೋಡುವುದನ್ನು ಕಲಿಸಿದರು. ಬಿಳಿ ಕಣಗಳಲ್ಲಿ ಒಳಬೀಜ ಕವಲೊಡೆದ ದೊಡ್ಡ ಕಣ ಕಂಡರೆ ಬಟ್ಟಲಿಗೆ ಒಂದು ಜೋಳ, ಸಣ್ಣ ದುಂಡುಕಣ ಕಂಡರೆ ಒಂದು ತೊಗರಿ. ನೂರು ಕಾಳಾದ ಮೇಲೆ ತೊಗರಿ ಎಷ್ಟೆಂದು ಹೇಳಬೇಕು. "ಫ್ಲೂ ಜ್ವರದಾಗ ತೊಗರಿ ಹತ್ತರ ಕೆಳಗ ಇಳೀತಂದ್ರ, ರೋಗಿ ನಡಕೋತ ಬಂದಿದ್ರೂ ಮನಿಗಿ ಕಳಸಬ್ಯಾಡ" ಎಂಬುದು ಅವರ ಅನುಭವದ ಮಾತು.

೧೯೪೮ರ ಪೊಲೀಸ್ ಕಾರ್ಯಾಚರಣೆಯ ನಂತರ ಆ ಡಾಕ್ಟರು ಊರು ಬಿಟ್ಟರು. ಹೊಸ ಡಾಕ್ಟರ ಜೊತೆ, ಹೈದರಾಬಾದಿನಲ್ಲಿ ಪರೀಕ್ಷೆ ಪಾಸಾದ ಖತೀಜಾ ಬೇಗಂ ಬಂದಳು. ಕಾಂತಾಬಾಯಿಯ ಸ್ಟೂಲು ಅವಳದಾಯಿತು. ಕಾಗದದ ಮೇಲೆ ಗೆರೆ ಎಳೆಯುತ್ತ ಅರ್ಧ ಹೊತ್ತಿನಲ್ಲೇ ಎಣಿಸಿ ಮುಗಿಸುತ್ತಿದ್ದಳು. ಅವಳ ಕೈಯಲ್ಲಿ ಒಂದು ತಪ್ಪಾಗಲೆಂದು ಕಾಂತಾಬಾಯಿ ಎರಡು ವರ್ಷ ಕಾದಳು, ಆಗಲಿಲ್ಲ. ಅವಳ ಚಹಾಕ್ಕೆ ಸಕ್ಕರೆ ಕಡಿಮೆ ಹಾಕುವುದಷ್ಟೇ ಇವಳ ಕೈಲಾದದ್ದು.

೧೯೫೧ರ ಚಳಿಯಲ್ಲಿ ಫ್ಲೂ ಹಬ್ಬಿತು. ಔರಾದ ಕಡೆಯ ಕುರಿಗಾರ ಬಕ್ಕಪ್ಪ ಕೆಮ್ಮುತ್ತ, ನಗುತ್ತ ನಡೆದೇ ಬಂದ. ಖತೀಜಾ ಅವನ ರಕ್ತ ನೋಡಿ ದುಂಡುಕಣ ಎಂಟೇ ಎಂದಳು. ಹತ್ತರ ಲೆಕ್ಕವನ್ನು ಹೊಸ ಡಾಕ್ಟರೂ ಪಾಲಿಸುತ್ತಿದ್ದರು, ಆದರೆ ನಗುತ್ತ ನಿಂತವನನ್ನು ನೋಡಿ ನಂಬಿಕೆಯಾಗಲಿಲ್ಲ, ಖಾಲಿ ಇದ್ದದ್ದೂ ಒಂದೇ ಹಾಸಿಗೆ.

"ಕಾಂತಾಬಾಯಿ, ನೀ ಒಮ್ಮಿ ಎಣಸು."

ಎಣಿಸಿದಳು. ಬಟ್ಟಲಲ್ಲಿ ತೊಗರಿ ಎಂಟೇ. ಬಟ್ಟಲನ್ನು ಸೆರಗಿನ ಮರೆಗೆ ಸರಿಸಿದಳು.

"ಇಪ್ಪತ್ಮೂರು ಅದಾವ್ರಿ, ಸಾಹೇಬ."

ಡಾಕ್ಟರು ಬಕ್ಕಪ್ಪನಿಗೆ ಗುಳಿಗೆ ಕೊಟ್ಟು ಕಳಿಸಿದರು. ಡಾಕ್ಟರು ಹೋದ ಮೇಲೆ ಖತೀಜಾ ಎಂಟೆಂದು ಬರೆದ ತನ್ನ ಚೀಟಿ ಹರಿದಳು.

"ನಿಮ್ಮ ಕಣ್ಣು ಪಳಗಿದ್ದು, ಬಾಯಿ. ನಂದೇ ತಪ್ಪಾಗಿರಬೇಕು. ನಾಳಿಂದ ನಾನೂ ಕಾಳ ಹಾಕಿ ಎಣಸ್ತೇನಿ. ಕಲಸ್ತೀರೇನ್ರಿ?"

ಎರಡು ವರ್ಷ ಕಾದ ಗೆಲುವು ಕಾಂತಾಬಾಯಿಗೆ ರುಚಿಸಲಿಲ್ಲ. ಒಳ್ಳೆಯತನದಲ್ಲೂ ಇವಳೇ ಮುಂದೆ! ಸಿಟ್ಟಿನಲ್ಲೇ ಹೊರಗೆ ಓಡಿದಳು. ಬಕ್ಕಪ್ಪ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟಿದ್ದ.

"ಇಳಿಯೋ ತಮ್ಮಾ!"

"ಯಾಕ್ರೀ ಬಾಯಿ? ಏನೂ ಆಗಿಲ್ಲ ಅಂದೀರಲ್ಲ?"

"ಸುಳ್ಳ ಹೇಳೀನಿ. ಇಳಿ ಅಂದ್ರ ಇಳಿ!"

ಡಾಕ್ಟರ ಮುಂದೆ ಬಟ್ಟಲಿಟ್ಟು ಒಪ್ಪಿಕೊಂಡಳು. "ಇನ್ನ ಮ್ಯಾಲ ಗಾಜು ತೊಳಿ, ಅಷ್ಟ ಸಾಕು" ಎಂದು ಅವರು ಬಕ್ಕಪ್ಪನನ್ನು ಖಾಲಿ ಹಾಸಿಗೆಗೆ ಸೇರಿಸಿಕೊಂಡರು. ಮೂರನೆಯ ದಿನ ಬಕ್ಕಪ್ಪನ ತುಟಿ ನೀಲಿಗಟ್ಟಿತು. ಹಾಸಿಗೆಯ ಪಕ್ಕದಲ್ಲೇ ಆಮ್ಲಜನಕ ಇದ್ದುದರಿಂದ ಉಳಿದ.

ಸಂಕ್ರಾಂತಿ ಕಳೆದ ಮೇಲೆ ಅವನು ಹೊಸ ತೊಗರಿಯ ಚೀಲ ಹೊತ್ತು ತಂದ. ರಕ್ತ ನೋಡಿದ ಬೇಗಂಗೆಂದು. ಕಾಂತಾಬಾಯಿಯ ಕಡೆ ತಿರುಗಿಯೂ ನೋಡಲಿಲ್ಲ. ಖತೀಜಾ ಎರಡು ಪಾಲು ಮಾಡಿದಳು. ಕಾಂತಾಬಾಯಿ ಒಂದು ಕಾಳು ಕಚ್ಚಿ ನೋಡಿದಳು.

"ಹಸಿ ಅದ. ಒಣಗಸಲಾರದ ತಂದಾನ" ಎಂದಳು, ದೊಡ್ಡ ಪಾಲನ್ನು ತನ್ನ ಕಡೆಗೆ ಎಳೆದುಕೊಂಡಳು.