ಕುಚ್ಚು ಕಟ್ಟುವ ಕಣ್ಣು

ಕುಂಬಾರಕೊಪ್ಪಲಿನ ಗಲ್ಲಿಗೆ ಹಾಲಿನವರು ಇನ್ನೂ ಬಂದಿಲ್ಲ. ಮಾಲಾ ಆಗಲೇ ಬಾಗಿಲ ಬಳಿ ಕೂತು ರೇಷ್ಮೆ ಸೀರೆಯ ಸೆರಗಿಗೆ ಕುಚ್ಚು ಕಟ್ಟುತ್ತಿದ್ದಾರೆ. ಎಳೆ ಬಿಡಿಸಿ, ಸುತ್ತಿ, ಗಂಟು ಬಿಗಿದು, ಮುಂದಿನದಕ್ಕೆ. ಆ ಬೆರಳುಗಳ ಓಟ ನೋಡುವುದೇ ಒಂದು ಹಬ್ಬ! ಕಣ್ಣು ತುರಿಸಿತೆಂದು ಕೈ ಎತ್ತಿದರೆ ಸಾಕು, ಒಳಗಿನಿಂದ ತಾಯಿ ಚಿಕ್ಕಮಾದಮ್ಮ ಗದರುತ್ತಾರೆ: "ಉಜ್ಬೇಡ ಕಣೇ! ಎಷ್ಟ್ ಸಲ ಹೇಳ್ಬೇಕು ನಿಂಗೆ?"

ಗದರಿಕೆಗೆ ಕಾರಣವಿದೆ. ಹತ್ತೊಂಬತ್ತನೇ ವಯಸ್ಸಿನಲ್ಲಿ ಮಾಲಾಗೆ ಒಂದು ಎಳೆ ಎರಡಾಗಿ ಕಾಣತೊಡಗಿತು. ಮೇಲಿಂದ ಮೇಲೆ ಕನ್ನಡಕ ಬದಲು. ಮದುಮಗಳೊಬ್ಬಳ ಸೀರೆಯಲ್ಲಿ ಒಂದು ಕುಚ್ಚು ದಪ್ಪ, ಪಕ್ಕದ್ದು ಸಣಕಲು. "ಸೀರೆ ವಾಪಸ್ ಬಂದ್ಬುಡ್ತು. ಅವತ್ತು ಅತ್ಬುಟ್ಟೆ ಕಣ್ರೀ," ಎನ್ನುತ್ತಾರೆ. ಆಸ್ಪತ್ರೆಯಲ್ಲಿ ತಿಳಿದದ್ದು, ಇದು ಕೆರಟೋಕೋನಸ್. ಕಣ್ಣಿನ ಮುಂಭಾಗದ ಪಾರದರ್ಶಕ ಪದರ ಕಾರ್ನಿಯಾ ತೆಳುವಾಗಿ, ಮುಂದಕ್ಕೆ ಚೂಪಾಗುತ್ತಾ ಹೋಗುವ ಕಾಯಿಲೆ. ಉಜ್ಜಿದಷ್ಟೂ ಕೆಡುಕು.

ಆಗ ಮಾಡಿದ್ದು ಕ್ರಾಸ್‌ಲಿಂಕಿಂಗ್. ವಿಟಮಿನ್ ಹನಿ ಬಿಟ್ಟು, ನೇರಳಾತೀತ ಬೆಳಕು ಹಾಯಿಸಿ ಕಾರ್ನಿಯಾವನ್ನು ಗಟ್ಟಿ ಮಾಡುವ ಚಿಕಿತ್ಸೆ. ಕನ್ನಡಕ ಮಾತ್ರ ಹೋಗಲಿಲ್ಲ. ಬೀದಿಯವರು "ಎಲ್ಲಾ ದಂಡ" ಎಂದರು. "ಇದು ವಾಸಿ ಮಾಡಕ್ಕಲ್ಲ, ನಿಲ್ಸಕ್ಕೆ ಅಂತ ಎಂಗೆ ಹೇಳ್ಲಿ? ನಂಗೇ ನಂಬ್ಕೆ ಇರ್ಲಿಲ್ಲ," ಎನ್ನುತ್ತಾರೆ ಮಾಲಾ. ಕಾಯಿಲೆ ನಿಜಕ್ಕೂ ನಿಂತಿತೇ ಎಂದು ಮೂವತ್ತರ ಹತ್ತಿರ ಬರುವವರೆಗೂ ಕಾದು ನೋಡೋಣ ಎಂದಿದ್ದರು ವೈದ್ಯರು. ಹಾಗಾಗಿ ಮಾಲಾ ಮುಂದಿನ ತಿಂಗಳ ಕೆಲಸವನ್ನು ಒಪ್ಪಿಕೊಳ್ಳುತ್ತಲೇ ಇರಲಿಲ್ಲ. ಕಣ್ಣು ಕೈಕೊಟ್ಟರೆ ಇನ್ನೊಬ್ಬಳ ಮದುವೆ ಸೀರೆ ಹಾಳಾದೀತೆಂಬ ಭಯ. ದೊಡ್ಡ ಮದುವೆಗಳೆಲ್ಲ ಬೇರೆಯವರ ಪಾಲಾದವು.

ಕಳೆದ ವಾರ ಹತ್ತನೇ ವರ್ಷದ ತಪಾಸಣೆ. ಕಾರ್ನಿಯಾದ ಹೊಸ ಚಿತ್ರವನ್ನು ಹಳೆಯದರ ಪಕ್ಕ ಇಟ್ಟು ಡಾಕ್ಟರ್ ಮಂಜುಶ್ರೀ ನಕ್ಕರಂತೆ: "ಎರಡೂ ಕಣ್ಣಲ್ಲಿ ಕಾಯಿಲೆ ಅಲ್ಲೇ ನಿಂತಿದೆ ಮಾಲಾ. ಬಲಗಣ್ಣಿನ ಉಬ್ಬು ಸ್ವಲ್ಪ ಇಳಿದೂ ಇದೆ. ಇನ್ನು ಜಾಸ್ತಿ ಆಗೋ ಸಾಧ್ಯತೆ ತುಂಬಾ ಕಮ್ಮಿ. ವರ್ಷಕ್ಕೊಂದ್ಸಲ ಬರೋದು ಮಾತ್ರ ತಪ್ಪಿಸ್ಬೇಡಿ." ಗೆದ್ದರು ಮಾಲಾ! ಆಸ್ಪತ್ರೆಯ ಮೆಟ್ಟಿಲ ಮೇಲೇ ತಾಯಿ ಮಗಳು ತಬ್ಬಿಕೊಂಡು ಅತ್ತಿದ್ದಾರೆ.

ನಾವು ಮಾತಾಡುತ್ತಿರುವಾಗಲೇ ಹಳೆಯ ಗಿರಾಕಿ, ಯಾದವಗಿರಿಯ ನೀಲಮ್ಮನವರ ಫೋನು. ಮೊಮ್ಮಗಳ ಮದುವೆ, ಅದೂ ಮಾಘದಲ್ಲಿ. "ಅಷ್ಟು ಮುಂದಿಂದು ನೀನು ಒಪ್ಪಲ್ಲ, ಗೊತ್ತು. ಆದ್ರೂ ಕೇಳ್ತಿದೀನಿ ಕಣಮ್ಮ," ಎನ್ನುವ ದನಿ ನಮಗೂ ಕೇಳಿಸುತ್ತದೆ. ಒಳಗೆ ಚಿಕ್ಕಮಾದಮ್ಮನ ಪಾತ್ರೆ ಸದ್ದು ನಿಲ್ಲುತ್ತದೆ.

"ಧಾರೆ ಸೀರೆನೂ ಸೇರ್ಸಿ ಕಳ್ಸಿ ಅಮ್ಮಾವ್ರೇ," ಎನ್ನುತ್ತಾರೆ ಮಾಲಾ. "ಈ ಮಾಘಕ್ಕೂ ನಾನೇ ಕಟ್ತೀನಿ, ಮುಂದಿನ ಮಾಘಕ್ಕೂ ನಾನೇ."