ಕಡೆಯ ಬೋಟು ಬಂದ ಹೊತ್ತು

ಸಂಜೆ ನಾಲ್ಕಕ್ಕೆ ಎದೆನೋವು ಶುರುವಾದವರು ಏಳು ಗಂಟೆಗೆ ಮನೆಗೆ ಬರುತ್ತಾರೆಯೇ? ನಮ್ಮವರು ಬಂದರು. "ನಾಲ್ಕ್ ಗಂಟಿಂದ ಎದಿ ಹಿಡ್ದ್ ಹಾಂಗ್ ಆತಿತ್ತ್" ಅಂದರು. ಕುಂದಾಪುರದ ಆಸ್ಪತ್ರೆ ತಲುಪುವಷ್ಟರಲ್ಲಿ ಹೋಗಿಬಿಟ್ಟರು.

ಆ ಮೂರು ಗಂಟೆ ಏನು ಮಾಡಿದರು? ಎರಡು ತಿಂಗಳಿಂದ ನನಗೆ ಅದೊಂದೇ ಸಿಟ್ಟು. (ಸತ್ತವರ ಮೇಲೆ ಸಿಟ್ಟಾಗಬಾರದಂತೆ. ಹೇಳುವವರಿಗೆ ಸುಲಭ.)

ಅವರ ಕೆಲಸ ಗಂಗೊಳ್ಳಿ ಬಂದರಿನ ಸಣ್ಣ ಆಫೀಸಿನಲ್ಲಿ. ಮೀನಿಗೆ ಹೋದ ಬೋಟು ವಾಪಸು ಬಂದದ್ದನ್ನು ಕಣ್ಣಾರೆ ನೋಡಿ ಕಂಪ್ಯೂಟರಿಗೆ ಹಾಕುವುದು. ಅದೇ ಕಂಪ್ಯೂಟರಿನ ಇನ್ನೊಂದು ಸ್ಕ್ರೀನ್ ಕಿಟಕಿಯಾಚೆಗೆ ಮುಖ ಮಾಡಿತ್ತು. ಗಂಡಂದಿರ ಬೋಟಿಗೆ ಕಾಯುವ ಹೆಂಗಸರು ಅದನ್ನು ಓದಿ ಮನೆಗೆ ಹೋಗುತ್ತಿದ್ದರು.

ಅವರು ಹೋದ ಸಂಜೆಯೇ ಕರೆಂಟು ಕೈಕೊಟ್ಟು ಆ ಕಂಪ್ಯೂಟರ್ ಕೆಟ್ಟಿತು, ಮೂಲೆ ಸೇರಿತು. ಕಳೆದ ವಾರ ಅದರೊಳಗಿನ ಫೈಲನ್ನು ಪೆನ್ ಡ್ರೈವಿಗೆ ತೆಗೆಸಿಕೊಂಡು ಬೈಂದೂರಿಗೆ ಹೋದೆ. ಬೋಟಿನ ಲೆಕ್ಕ ಇಡುವ ಪ್ರೋಗ್ರಾಂ ಬರೆದ ಮಹೇಶ ಇರುವುದು ಅಲ್ಲಿ.

ತೆರೆದ. ಕೊನೆಯ ಬೋಟು ಮೂರೂ ಮುಕ್ಕಾಲಿಗೆ. ಆಮೇಲೆ ಏನೂ ಇಲ್ಲ.

ಹಾಗಾದರೆ ನಾಲ್ಕಕ್ಕೇ ಕೆಲಸ ಮುಗಿದಿತ್ತೇ? ಎಲ್ಲಿ ಹೋಗಿದ್ದರು?

"ಅಕ್ಕಾ, ಇದ್ರೊಟ್ಟಿಗೆ ಇನ್ನೆರಡ್ ಫೈಲ್ ಇತ್ತಲ್ದಾ?"

"ಅದ್ ಸಣ್ಣದ್. ದೊಡ್ಡದ್ರಲ್ಲೇ ಎಲ್ಲ ಇರತ್ತ್ ಅಂದೇಳಿ ಬಿಟ್ ಬಂದೆ."

"ಒಳ್ಳೆ ಕೆಲ್ಸ ಮಾಡ್ದ್ರಿ. ಮೀನ್ ಬಿಟ್ಟ್ ಬರೀ ಬುಟ್ಟಿ ತಂದ್ ಹಾಂಗಾಯ್ತ್. ನಡೀರಿ, ನಾನೂ ಬತ್ತೆ."

ಬಸ್ಸಿನಲ್ಲಿ ಅವನು ವಿವರಿಸಿದ. ಬೋಟಿನ ಲೆಕ್ಕವೆಲ್ಲ ಇರುವ ಈ ಡೇಟಾಬೇಸ್ ಪ್ರೋಗ್ರಾಮಿನ ಒಳಗೇ ಕೂತಿರುತ್ತದೆ, ಬೇರೆ ಸರ್ವರ್ ಇಲ್ಲ. ಹೊಸದಾಗಿ ಬರೆದದ್ದು ಮೊದಲು ಪಕ್ಕದ ಫೈಲಿನ ತುದಿಗೆ ಸೇರುತ್ತದೆ. ದೊಡ್ಡ ಫೈಲಿಗೆ ಹೋಗುವುದು ಪುರುಸೊತ್ತಾದಾಗ. ಮತ್ತೆ, ಹೊಸದು ಎಲ್ಲಿದೆ ಎಂದು ಆಚೆಯ ಸ್ಕ್ರೀನಿಗೆ ಹೇಳುವವರು ಯಾರು? ಮೂರನೆಯ ಪುಟ್ಟ ಫೈಲು. ಬರೆಯುವ ಪ್ರೋಗ್ರಾಮೂ ತೋರಿಸುವ ಪ್ರೋಗ್ರಾಮೂ ಅದನ್ನು ತಂತಮ್ಮ ಮೆಮೊರಿಯಲ್ಲೇ ಇದೆ ಎಂಬಂತೆ ಒಟ್ಟಿಗೆ ನೋಡುತ್ತವೆ. ಶೇರ್ಡ್ ಮೆಮೊರಿ. ಬರೆಯುವುದಕ್ಕಾಗಿ ಓದುವುದು ನಿಲ್ಲುವುದಿಲ್ಲ, ಓದುವುದಕ್ಕಾಗಿ ಬರೆಯುವುದು ನಿಲ್ಲುವುದಿಲ್ಲ. ಅರ್ಧ ಬರೆದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ.

"ಆ ಪುಟ್ಟದ್ ಹಾಳಾರೆ?"

"ಆಯ್ಲಿ. ಪಕ್ಕದ್ ಫೈಲ್ ಓದ್ರೆ ಮತ್ತೆ ತಯಾರ್ ಆತ್ತ್."

ಒಂದೇ ಮನೆಯಲ್ಲಿ ಇಷ್ಟು ವರ್ಷ ಬಾಳಿದ ಗಂಡ ಹೆಂಡತಿಗೂ ಬಾರದ, ಒಬ್ಬರನ್ನೊಬ್ಬರು ತಡೆಯದ ಈ ನಯ ಆ ಎರಡು ಪ್ರೋಗ್ರಾಮಿಗೆ ಎಲ್ಲಿಂದ ಬಂತು?

ಗಂಗೊಳ್ಳಿಯಲ್ಲಿ ಕೆಟ್ಟ ಕಂಪ್ಯೂಟರಿನ ಡಿಸ್ಕಿನಿಂದ ಮೂರೂ ಫೈಲನ್ನು ತನ್ನ ಲ್ಯಾಪ್‌ಟಾಪಿಗೆ ತೆಗೆದು, ಜೊತೆಗಿಟ್ಟು ತೆರೆದ. ಕಣ್ಣೆದುರೇ ಹೊಸ ಸಾಲುಗಳು ಮೂಡಿದವು. ನಾಲ್ಕೂ ಇಪ್ಪತ್ತು. ಐದೂ ಹತ್ತು. ಐದೂವರೆ. ಕಡೆಯದು ಆರೂ ಮುಕ್ಕಾಲು. ಅಂದು ಬರಬೇಕಿದ್ದ ಬೋಟುಗಳೆಲ್ಲ ಬಂದಿದ್ದವು.

"ಕಡೀ ಬೋಟ್ ಬಪ್ಪತನ್ಕ ಕುರ್ಚಿ ಬಿಡ್ಲಿಲ್ಲ ಕಾಣಿ ಅಕ್ಕ" ಅಂದ ಮಹೇಶ, ಮೆಲ್ಲಗೆ.

ಆ ಸಂಜೆ ಕಿಟಕಿಯ ಹೊರಗೆ ಯಾರೋ ಒಬ್ಬಳು ಸ್ಕ್ರೀನ್ ಓದಿ, ಗಂಡ ಬಂದನೆಂದು ತಿಳಿದು ಮನೆಯ ಕಡೆ ನಡೆದಿರಬೇಕು. ಅವಳು ಕಾಯುತ್ತಲೇ ಇರಲಿ ಎಂದು ಇವರು ಎದ್ದು ಬರಬೇಕಿತ್ತು ಅಂತ ನಾನು ಯಾವ ಬಾಯಲ್ಲಿ ಹೇಳಲಿ?